ಪಾಸಿಟಿವ್ ವರದಿಯಲ್ಲಿ ರೂಪಾಂತರಿಯ ಹೆಸರು ಯಾಕಿಲ್ಲ?

ರಾಯಚೂರಿನಲ್ಲಿ ಕೊಟ್ಟ ಸ್ವ್ಯಾಬ್‌ಗೆ ‘ಕೋವಿಡ್ ಪಾಸಿಟಿವ್, ಸಿಟಿ 31’ ಎಂದಷ್ಟೇ ಬಂದಿದೆ, ಯಾವ ರೂಪಾಂತರಿ ಎಂದು ಯಾಕೆ ಬರೆದಿಲ್ಲ, ಜಿಲ್ಲೆಗೆ ಹೊಸ ತಳಿ ಬಂದದ್ದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದೀರಿ.

ಸ್ವ್ಯಾಬ್‌ಗೆ ಮಾಡುವ ಆರ್‌ಟಿ-ಪಿಸಿಆರ್ ಪರೀಕ್ಷೆ ಹುಡುಕುವುದು ವೈರಸ್‌ನ ಎರಡು-ಮೂರು ಸಣ್ಣ ಭಾಗಗಳನ್ನು ಮಾತ್ರ. ಕೊರೊನಾದ ಆರ್‌ಎನ್‌ಎ, ಅಂದರೆ ಅದರ ಆನುವಂಶಿಕ ಬರಹ, ಸುಮಾರು 30,000 ಅಕ್ಷರಗಳಷ್ಟು ಉದ್ದ. ತಳಿ ಯಾವುದೆಂದು ಖಚಿತವಾಗಿ ಹೇಳಲು ಅದನ್ನು ಹೆಚ್ಚುಕಡಿಮೆ ಪೂರ್ತಿ ಓದಬೇಕು. ಅದೇ ಜೀನೋಮ್ ಸೀಕ್ವೆನ್ಸಿಂಗ್.

ಸಿಟಿ ಎಂದರೆ ವೈರಸ್ ಕಾಣಿಸಿಕೊಳ್ಳಲು ಪಿಸಿಆರ್‌ಗೆ ಬೇಕಾದ ಸುತ್ತುಗಳ ಸಂಖ್ಯೆ; ವೈರಸ್ ಹೆಚ್ಚಿದ್ದಷ್ಟೂ ಅದು ಕಡಿಮೆ. ಓದಲು ಸಾಮಾನ್ಯವಾಗಿ ಸಿಟಿ 25ಕ್ಕಿಂತ ಕಡಿಮೆ ಇರುವ ಸ್ಯಾಂಪಲ್ ಆರಿಸುತ್ತಾರೆ. ಪಿಸಿಆರ್‌ನ ಪ್ರತಿ ಸುತ್ತಿನಲ್ಲೂ ಪ್ರತಿಗಳು ಇಮ್ಮಡಿಯಾಗುವುದರಿಂದ, ಸಿಟಿ 31ರಲ್ಲಿ ಇರುವ ವೈರಸ್ ಸಿಟಿ 25ರದ್ದರ ಸುಮಾರು ಅರವತ್ತನೇ ಒಂದು ಪಾಲು. ಅಷ್ಟು ಕಡಿಮೆ ಇದ್ದರೆ ಓದಿನ ನಡುವೆ ಖಾಲಿ ಜಾಗ ಉಳಿದು ತಳಿಯನ್ನೇ ತಪ್ಪಾಗಿ ಗುರುತಿಸುವ ಅಪಾಯವಿದೆ.

ನಮ್ಮ ಕಡೆ ಇನ್ನೊಂದು ದೊಡ್ಡ ತೊಂದರೆ ಬಿಸಿಲು. ಸ್ವ್ಯಾಬ್ ಹಾಕಿದ ದ್ರಾವಣದ ಟ್ಯೂಬನ್ನು (ವಿಟಿಎಂ) 2ರಿಂದ 8 ಡಿಗ್ರಿಯಲ್ಲಿಟ್ಟು ಮೂರು ದಿನದೊಳಗೆ ಲ್ಯಾಬ್ ಸೇರಿಸಬೇಕು. ತಡವಾಗುವುದಾದರೆ ಮೈನಸ್ 70ರಲ್ಲಿ ಇಡಬೇಕು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದಾಗ ರಾಯಚೂರಿನಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ. ಹೋಗುವಷ್ಟರಲ್ಲಿ ಐಸ್ ಪ್ಯಾಕ್ ಕರಗಿದರೆ ಆರ್‌ಎನ್‌ಎ ತುಂಡಾಗುತ್ತದೆ. ಪಿಸಿಆರ್‌ಗೆ ನೂರರ ಆಸುಪಾಸಿನ ಅಕ್ಷರಗಳ ತುಂಡು ಸಾಕಾದ್ದರಿಂದ ಆಗಲೂ ಪಾಸಿಟಿವ್ ಬರಬಹುದು. ಸೀಕ್ವೆನ್ಸಿಂಗ್‌ನ ಚಾಲ್ತಿ ವಿಧಾನಕ್ಕೆ ಸುಮಾರು 400 ಅಕ್ಷರಗಳ, ಒಂದರ ಮೇಲೊಂದು ಹೊಂದಿಕೊಳ್ಳುವ ತುಣುಕುಗಳು ಬೇಕು. ಅವು ಸಿಗುವುದಿಲ್ಲ. ಆಮೇಲಿನದು ಲ್ಯಾಬ್ ಕೆಲಸ: ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿ, ಯಾವುದು ಯಾರದೆಂದು ಗುರುತಿಸಲು ಪ್ರತಿ ಸ್ಯಾಂಪಲ್‌ಗೂ ಡಿಎನ್‌ಎಯ ಬಾರ್‌ಕೋಡ್ ಸೇರಿಸಿ, ಯಂತ್ರದಲ್ಲಿ ಓದಿಸಿ, ವುಹಾನ್‌ನ ಮೂಲ ಜೀನೋಮಿಗೆ ಹೋಲಿಸುತ್ತಾರೆ.

ಕೆಲವು ಕಿಟ್‌ಗಳಲ್ಲಿ ಬೇಗ ಸಿಗುವ ಸುಳಿವೂ ಇದೆ. ಆಲ್ಫಾ ಮತ್ತು ಮೊದಲ ಓಮಿಕ್ರಾನ್ ಬಿಎ.1ರಲ್ಲಿ ಎಸ್ (ಸ್ಪೈಕ್) ಜೀನ್‌ನ ಒಂದು ಚೂರು ಇಲ್ಲದ್ದರಿಂದ ಬೇರೆ ಜೀನ್‌ಗಳು ಕಾಣಿಸಿ ಎಸ್ ಮಾತ್ರ ಕಾಣಿಸುತ್ತಿರಲಿಲ್ಲ. ಓಮಿಕ್ರಾನ್‌ನದೇ ಇನ್ನೊಂದು ಕವಲಾದ ಬಿಎ.2ರಲ್ಲಿ ಆ ಚೂರು ಇತ್ತು. ಸುಳಿವನ್ನೇ ನಂಬಿದ್ದರೆ ಅದು ಎಸ್ ಕಾಣಿಸುವ ಡೆಲ್ಟಾದಂತೆಯೇ ಕಾಣುತ್ತಿತ್ತು.

ಜಿಲ್ಲೆಯ ಮಾತು ಬಂದಾಗ ನಾನು ಮೊದಲು ಕೇಳುವುದು, ಸ್ಯಾಂಪಲ್ ಯಾರದು ಎಂದು. ಆಸ್ಪತ್ರೆಗೆ ಸೇರಿದವರದ್ದನ್ನಷ್ಟೇ ಓದಿದರೆ ಊರಲ್ಲಿ ಹರಡುತ್ತಿರುವುದು ಕಾಣುವುದಿಲ್ಲ. ಬ್ರಿಟನ್‌ನಲ್ಲಿ 2020ರ ಏಪ್ರಿಲ್‌ನಿಂದ ಮನೆಗಳನ್ನು ಯಾದೃಚ್ಛಿಕವಾಗಿ ಆರಿಸಿ, ಲಕ್ಷಣ ಇರಲಿ ಬಿಡಲಿ, ಸ್ವ್ಯಾಬ್ ತೆಗೆದದ್ದು ಇದಕ್ಕೇ. ನಮ್ಮಲ್ಲಿ ಸಿಂಧನೂರು, ಮಾನ್ವಿ, ಲಿಂಗಸುಗೂರುಗಳ ಪಾಸಿಟಿವ್‌ಗಳಿಂದಲೂ ಹೀಗೆ ಆರಿಸಬೇಕು. ನೂರು ಪಾಸಿಟಿವ್‌ಗಳಲ್ಲಿ ಒಂದರಲ್ಲಿರುವ ತಳಿ 300 ಸ್ಯಾಂಪಲ್‌ಗಳಲ್ಲಿ ಒಮ್ಮೆಯಾದರೂ ಸಿಗುವ ಸಾಧ್ಯತೆ ಶೇ. 95. ಮುನ್ನೂರೂ ಒಂದೇ ಹಾಸ್ಟೆಲ್ಲಿನದ್ದಾದರೆ ಈ ಲೆಕ್ಕ ನಡೆಯುವುದಿಲ್ಲ.

ಸೀಕ್ವೆನ್ಸಿಂಗ್ ಫಲಿತಾಂಶಕ್ಕೆ ದಿನಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಬಹುತೇಕರು ಗುಣವಾಗಿರುತ್ತಾರೆ. ಅದು ಜಿಲ್ಲೆಯ ನಿಗಾಕ್ಕೆ ಬೇಕಾದ ಮಾಹಿತಿ, ನಿಮ್ಮ ಔಷಧಿ ಚೀಟಿಗಲ್ಲ. ಸ್ವ್ಯಾಬ್ ಕೊಡುವಾಗ ಫಾರಂನಲ್ಲಿ ಊರು, ಪಿನ್‌ಕೋಡ್, ಲಕ್ಷಣ ಶುರುವಾದ ದಿನಾಂಕ ಸರಿಯಾಗಿ ಬರೆಸಿ. ಅವಿಲ್ಲದ ಜೀನೋಮ್ ಎಲ್ಲಿಯದು, ಯಾವಾಗಿನದು ಎಂದು ಹೇಳಲಾಗದು.