ಏಳು ವಾರದ ರಜೆ, ದಿನಕ್ಕೆ ಅರ್ಧ ಗಂಟೆ

ಏಪ್ರಿಲ್ ಎರಡನೇ ವಾರ ಬಾಗಿಲು ಹಾಕಿದ ಪ್ರಾಥಮಿಕ ಶಾಲೆ ಮತ್ತೆ ತೆರೆಯುವುದು ಮೇ ಕೊನೆಗೆ. ರಜೆಯಲ್ಲಿ ಮಕ್ಕಳಿಗೆ ಮನೆಯಲ್ಲೇ ಏನು ಕಲಿಸಬಹುದು ಎಂದು ಕೇಳಿ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಗ ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ ಮುಗಿಸಿದ್ದಾನೆ. ‘ಮ-ರ-ದ ಮೇ-ಲೆ’ ಎಂದು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾನೆ. ಸಾಲು ಮುಗಿಯುವ ಹೊತ್ತಿಗೆ ಮೊದಲು ಓದಿದ್ದು ಮರೆತಿರುತ್ತಾನೆ. ನಾಲ್ಕನೇ ತರಗತಿಯ ಪುಸ್ತಕ ತಂದಿಟ್ಟಿದ್ದೇನೆ. ಈಗಲೇ ಶುರು ಮಾಡಲೇ?
– ಒಬ್ಬ ತಾಯಿ, ತಿಪಟೂರು

ಬೇಡ. ಆ ಪುಸ್ತಕವನ್ನು ಜೂನ್‌ವರೆಗೆ ಅಟ್ಟದ ಮೇಲಿಡಿ. ಒಂದರಿಂದ ಮೂರನೇ ತರಗತಿಯವರೆಗೆ ನಿಮ್ಮ ಮಗ ಕಲಿತದ್ದು ನಲಿ-ಕಲಿ ಪದ್ಧತಿಯಲ್ಲಿ. ಅಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನಲ್ಲೇ ಇರಬಹುದು. ನಾಲ್ಕಕ್ಕೆ ಬಂದ ಕೂಡಲೇ ಇಡೀ ತರಗತಿಗೆ ಒಂದೇ ಪಾಠ. ಹಿಂದೆ ಉಳಿದದ್ದು ಅಲ್ಲಿ ಎದ್ದು ಕಾಣುತ್ತದೆ. ಈ ಏಳು ವಾರ ಇರುವುದು ಉಳಿದುಹೋದ ಮೆಟ್ಟಿಲುಗಳಿಗೆ.

ಮೊದಲು ಅವನು ಯಾವ ಮೆಟ್ಟಿಲಲ್ಲಿದ್ದಾನೆ ನೋಡಿ. ಐದು ನಿಮಿಷದ ಕೆಲಸ. ಒಂದನೇ ತರಗತಿ ಮಟ್ಟದ ನಾಲ್ಕು ಸಾಲಿನ ಪಠ್ಯ ಕೊಡಿ. ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ, ಮಾತಿನಂತೆ ಓದಿದರೆ ಎರಡನೇ ತರಗತಿ ಮಟ್ಟದ ಎಂಟು-ಹತ್ತು ಸಾಲಿನ ಕಥೆ ಕೊಡಿ. ನಾಲ್ಕು ಸಾಲಿನಲ್ಲೇ ತಡವರಿಸಿದರೆ ಐದು ಸರಳ ಪದ ಓದಿಸಿ. ಅದರಲ್ಲಿ ನಾಲ್ಕು ಸರಿ ಬಾರದಿದ್ದರೆ ಐದು ಬಿಡಿ ಅಕ್ಷರ. ಊರೂರಿನಲ್ಲಿ ಮಕ್ಕಳ ಓದನ್ನು ಅಳೆಯಲು ‘ಅಸರ್’ ಸಮೀಕ್ಷೆಯವರು ಬಳಸುವುದೂ ಹೆಚ್ಚುಕಡಿಮೆ ಇದೇ ಕ್ರಮ. ‘ಪರೀಕ್ಷೆ’ ಎಂಬ ಪದವನ್ನು ಮಾತ್ರ ಎತ್ತಬೇಡಿ.

ಅಕ್ಷರ ಕೂಡಿಸಿ ಓದುವ ಮಕ್ಕಳು ಸಾಮಾನ್ಯವಾಗಿ ಮೂರು ಕಡೆ ಎಡವುತ್ತಾರೆ. ಮೊದಲನೆಯದು ಕಾಗುಣಿತ. ‘ಕ ಕಾ ಕಿ ಕೀ’ ಹಾಡಿನಂತೆ ಬಾಯಿಗೆ ಬರುತ್ತದೆ, ಆದರೆ ನಡುವಿನಿಂದ ‘ಲೊ’, ‘ಮೀ’, ‘ಕೆ’ ಎತ್ತಿ ತೋರಿಸಿದರೆ ಮಗು ಮೊದಲಿನಿಂದ ಎಣಿಸಿಕೊಂಡು ಬರುತ್ತದೆ. ಹಾಗಾಗಿ ಕಾಗುಣಿತವನ್ನು ಸಾಲಾಗಿ ಹೇಳಿಸುವುದನ್ನು ಬಿಟ್ಟು, ಚೀಟಿಗಳಲ್ಲಿ ಬರೆದು ಕಲಸಿ ಓದಿಸಿ. ದಿನಕ್ಕೆ ಹತ್ತು ಚೀಟಿ ಸಾಕು.

ಎರಡನೆಯದು ಒತ್ತಕ್ಷರ. ಹೆಚ್ಚಿನ ಒತ್ತುಗಳು ತಲೆಕಟ್ಟಿಲ್ಲದ ಮೂಲ ಅಕ್ಷರದಂತೆಯೇ ಕಾಣುತ್ತವೆ, ಅವನ್ನು ಮಗು ಊಹಿಸಿಯಾದರೂ ಓದೀತು. ತ, ನ, ಮ, ಯ, ರ, ಲ ಈ ಆರರ ಒತ್ತಿಗೆ ಮೂಲ ಅಕ್ಷರದ ಹೋಲಿಕೆಯೇ ಇಲ್ಲ. ಈ ಆರಕ್ಕೆ ಮಾತ್ರ ಚೀಟಿ ಮಾಡಿ. ಮೊದಲು ಅಮ್ಮ, ಅನ್ನ, ಬೆಲ್ಲ, ಕತ್ತೆಯಂಥ ಮನೆಮಾತಿನ ಪದಗಳು, ಒಂದು ವಾರದ ಮೇಲೆ ರಸ್ತೆ, ಪದ್ಯ, ಚಕ್ರ.

ಮೂರನೆಯದು ಅರ್ಕಾವತ್ತು. ‘ಸೂರ್ಯ’ವನ್ನು ‘ಸೂಯ್ರ’ ಎಂದು ಓದುವ ಮಗು ದಡ್ಡನಲ್ಲ, ಕಣ್ಣಿಗೆ ಕಂಡ ಕ್ರಮದಲ್ಲಿ ಸರಿಯಾಗಿಯೇ ಓದುತ್ತಿದೆ. ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು ಎಂದು ಬೆರಳಿಟ್ಟು ತೋರಿಸಿ.

ಇನ್ನು ದಿನದ ಅರ್ಧ ಗಂಟೆ. ಐದು-ಆರು ಸಾಲಿನ ಒಂದು ತುಣುಕನ್ನು ಪದಗಳ ಕೆಳಗೆ ಬೆರಳಾಡಿಸುತ್ತಾ ನೀವು ಓದಿ. ಮತ್ತೆ ಇಬ್ಬರೂ ಕೂಡಿ ಓದಿ. ಆಮೇಲೆ ಅವನೊಬ್ಬನೇ ಓದಲಿ. ಅದೇ ತುಣುಕನ್ನು ಮೂರು ದಿನ ಓದಿಸಿ. ‘ಬಾಯಿಪಾಠ ಆಗಿಬಿಡುತ್ತದೆ’ ಎಂದು ಹೆದರಿ ದಿನಕ್ಕೊಂದು ಹೊಸ ಪಾಠ ಹಿಡಿಯುವುದೇ ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು. ಸರಾಗ ಬರುವುದು ಓದಿದ್ದನ್ನೇ ಮತ್ತೆ ಓದಿದಾಗ. ಮಧ್ಯೆ ಸಿಕ್ಕಿಕೊಂಡರೆ ಮನಸ್ಸಿನಲ್ಲೇ ಮೂರು ಎಣಿಸಿ, ಆಗಲೂ ಬಾರದಿದ್ದರೆ ಪದವನ್ನು ನೀವೇ ಹೇಳಿ ಮುಂದೆ ಸಾಗಿ. ‘ಬಿಡಿಸಿ ಹೇಳು’ ಎಂದು ಅಲ್ಲೇ ನಿಂತರೆ ಸಾಲಿನ ಅರ್ಥ ಹಾರಿಹೋಗುತ್ತದೆ. ಕೊನೆಯ ಹತ್ತು ನಿಮಿಷ ಅವನು ಆ ದಿನದ ಯಾವುದಾದರೂ ಸಂಗತಿ ಹೇಳಲಿ, ಅವನ ಮಾತಿನಲ್ಲೇ ಮೂರು ವಾಕ್ಯ ನೀವು ಬರೆಯಿರಿ, ಅದನ್ನು ಅವನು ಓದಲಿ. ತನ್ನದೇ ಮಾತಾದ್ದರಿಂದ ಮುಂದಿನ ಪದ ಯಾವುದೆಂದು ಅವನಿಗೆ ಗೊತ್ತಿರುತ್ತದೆ.

ಗಡಿಯಾರ ಹಿಡಿದು ಕೂರಬೇಡಿ. 2021ರಲ್ಲಿ ಆರಂಭವಾದ ಕೇಂದ್ರದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಗೆ ನಿಮಿಷಕ್ಕೆ 60 ಪದಗಳ ಗುರಿ ಇಟ್ಟಿದೆ, ನಿಜ. ಆದರೆ ‘ಮನೆಯಿಂದಾಚೆಗೂ’ ಎಂಬುದು ಕನ್ನಡದಲ್ಲಿ ಒಂದೇ ಪದ. ನಮ್ಮ ಮಕ್ಕಳ ಓದಿಗೆ ಪದದ ಎಣಿಕೆ ಒಳ್ಳೆಯ ಅಳತೆಯಲ್ಲ.

ಪ್ರಶ್ನೆ: ದಿನಕ್ಕೆ ಐದು ಪುಟ ಕಾಪಿ ಬರೆಸುತ್ತಿದ್ದೇನೆ. ಬರವಣಿಗೆ ದಿನೇ ದಿನೇ ಕೆಡುತ್ತಿದೆ.
– ಒಬ್ಬ ತಂದೆ, ಹಾವೇರಿ

ಐದು ಪುಟವೇ ಕಾರಣ. ಮೊದಲ ಪುಟದ ಆಚೆ ಬರೆಯುವುದು ಕೈ, ಕಣ್ಣಲ್ಲ. ನಾಲ್ಕು ಸಾಲಿಗೆ ಇಳಿಸಿ. ನೋಡಿ ಬರೆಯುವ ಬದಲು ವಾಕ್ಯವನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಲಿ. ಆಮೇಲೆ ತಪ್ಪನ್ನು ಪುಸ್ತಕದೊಡನೆ ಹೋಲಿಸಿ ತಾನೇ ತಿದ್ದಿಕೊಳ್ಳಲಿ.

ಪ್ರಶ್ನೆ: ಮಗಳು ಐದನೇ ತರಗತಿಗೆ ಹೋಗುತ್ತಾಳೆ. ಕೂಡುವುದು ಸರಿ, ಕಳೆಯುವುದು ಮಾತ್ರ ತಪ್ಪು. 402ರಲ್ಲಿ 178 ಕಳೆದರೆ 376 ಎನ್ನುತ್ತಾಳೆ. ಎಷ್ಟು ಸಲ ಹೇಳಿಕೊಟ್ಟರೂ ಅಷ್ಟೇ.
– ಒಬ್ಬ ತಂದೆ, ಹೊಸಪೇಟೆ

376 ಎಂಬುದು ಅಡ್ಡಾದಿಡ್ಡಿ ತಪ್ಪಲ್ಲ. 4ರಲ್ಲಿ 1 ಕಳೆದು 3, 7ರಲ್ಲಿ 0 ಕಳೆದು 7, 8ರಲ್ಲಿ 2 ಕಳೆದು 6 ಮಾಡಿದ್ದಾಳೆ. ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು ಅವಳು ತಾನೇ ಮಾಡಿಕೊಂಡ ನಿಯಮ. ಅಂಥದ್ದೇ ಇನ್ನೂ ನೂರು ಲೆಕ್ಕ ಕೊಟ್ಟರೆ ಆ ನಿಯಮವೇ ಗಟ್ಟಿಯಾಗುತ್ತದೆ.

ಪೆನ್ಸಿಲ್ ಕೆಳಗಿಡಿಸಿ. ಬೆಂಕಿಕಡ್ಡಿ ಹತ್ತತ್ತರ ಐದು ಕಟ್ಟು, ಕಟ್ಟಿಗೊಂದು ರಬ್ಬರ್ ಬ್ಯಾಂಡ್, ಜೊತೆಗೆ ಎರಡು ಬಿಡಿ ಕಡ್ಡಿ: ಇದು 52. (ಕಡ್ಡಿಯ ಮದ್ದಿನ ತುದಿ ಕತ್ತರಿಸಿರಲಿ.) ಇದರಲ್ಲಿ 27 ಕೊಡು ಎನ್ನಿ. ಬಿಡಿ ಏಳು ಕೊಡಲು ಇರುವುದು ಎರಡೇ. ಒಂದು ಕಟ್ಟು ಬಿಚ್ಚಲೇಬೇಕು. ಬಿಚ್ಚಿದರೆ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಕೊಟ್ಟು ಉಳಿದದ್ದು 25. ಹೀಗೆ ದಿನಕ್ಕೆ ಐದು ಲೆಕ್ಕ, ನಾಲ್ಕು ದಿನ, ಕಾಗದ ಮುಟ್ಟದೆ. ಐದನೇ ದಿನ ಕೈ ಮಾಡಿದ್ದನ್ನೇ ಪಕ್ಕದಲ್ಲಿ ಬರೆಯಲಿ: 5ನ್ನು ಹೊಡೆದು 4, 2 ಇದ್ದಲ್ಲಿ 12.

ನಡುವೆ ಸೊನ್ನೆ ಇರುವ ಲೆಕ್ಕಕ್ಕೆ ಆಟದ ನೋಟು ಬೇಕು. ರಟ್ಟಿನಲ್ಲಿ ನೂರರ, ಹತ್ತರ, ಒಂದರ ನೋಟು ಕತ್ತರಿಸಿಕೊಳ್ಳಿ. 402 ಎಂದರೆ ನೂರರ ನಾಲ್ಕು, ಒಂದರ ಎರಡು. ಹತ್ತರದ್ದು ಒಂದೂ ಇಲ್ಲ. ನೂರರ ಒಂದು ನೋಟಿಗೆ ಹತ್ತರ ಹತ್ತು, ಅದರಲ್ಲಿ ಒಂದಕ್ಕೆ ಒಂದರ ಹತ್ತು. ಈಗ ಕೈಯಲ್ಲಿ ನೂರರ ಮೂರು, ಹತ್ತರ ಒಂಬತ್ತು, ಒಂದರ ಹನ್ನೆರಡು. ಒಟ್ಟು ಅದೇ 402 ಎಂದು ಅವಳಿಂದಲೇ ಎಣಿಸಿ ಹೇಳಿಸಿ, ಈ ಹೆಜ್ಜೆ ತಪ್ಪಿಸಬೇಡಿ. ಇನ್ನು 178 ಕೊಟ್ಟರೆ 224.

ಒಂದು ಮಾತು. ಪಕ್ಕದ ಮನೆಯಿಂದ ‘ಸಾಲ ತೆಗೆದುಕೋ’ ಎಂದು ಹೇಳಿಕೊಡುವುದು ವಾಡಿಕೆ. ಸಾಲ ಎಂದರೆ ಹಿಂದಿರುಗಿಸಬೇಕಲ್ಲ, ಇಲ್ಲಿ ಯಾರೂ ಹಿಂದಿರುಗಿಸುವುದಿಲ್ಲ. ‘ಚಿಲ್ಲರೆ ಮಾಡಿಸು’ ಎನ್ನಿ. ಅಂಗಡಿಗೆ ಹೋಗುವ ಮಗುವಿಗೆ ಅದು ತಟ್ಟನೆ ಹೊಳೆಯುತ್ತದೆ.

ಪ್ರಶ್ನೆ: ನನಗೆ ಓದು ಬರಹ ಬಾರದು, ಪಕ್ಕದ ಮನೆಯವರಿಂದ ಬರೆಸುತ್ತಿದ್ದೇನೆ. ಬೆಂಗಳೂರಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗಳು ಒಂದು ತಿಂಗಳು ಇಲ್ಲಿರುತ್ತಾಳೆ. ಎರಡನೇ ತರಗತಿ. ನಾನೇನು ಕಲಿಸಲಿ?
– ಒಬ್ಬ ಅಜ್ಜಿ, ಶಿರಸಿ ತಾಲ್ಲೂಕು

ಅಜ್ಜೀ, ‘ನನಗೆ ಬರುವುದಿಲ್ಲ, ಓದಿ ಹೇಳು ಮಗಾ’ ಎಂದು ನೀವು ಕೇಳಿದರೆ ಅದು ನಾಟಕವಲ್ಲ. ಮಕ್ಕಳಿಗೆ ಓದಲು ಇದಕ್ಕಿಂತ ನಿಜವಾದ ಕಾರಣ ಸಿಗುವುದಿಲ್ಲ. ಬಸ್ಸಿನ ಬೋರ್ಡು, ಔಷಧಿ ಚೀಟಿಯ ದಿನಾಂಕ, ಮದುವೆ ಕಾಗದ, ಯಾವುದಾದರೂ ಸರಿ.

ನಿಮ್ಮ ಕಥೆ, ಒಗಟುಗಳನ್ನು ಕನ್ನಡದಲ್ಲೇ ಹೇಳಿ. ಓದುವಾಗ ಪದ ಹೊಳೆಯಬೇಕಾದರೆ ಅದನ್ನು ಮೊದಲು ಕಿವಿ ಕೇಳಿರಬೇಕು. ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ‘ಮುಂದೇನಾಯ್ತು ಹೇಳು’ ಎನ್ನಿ.

ಲೆಕ್ಕಕ್ಕೆ ಮೇ ತಿಂಗಳ ಅಂಗಳವೇ ಸಾಕು. ಹಲಸಿನ ಹಪ್ಪಳ ಸಾಲಿಗೆ ಆರರಂತೆ ಏಳು ಸಾಲು ಹರವಿಸಿ, ಒಂದೊಂದೇ ಎಣಿಸದೆ ಎಷ್ಟೆಂದು ಕೇಳಿ. ಮಗ್ಗಿಯನ್ನು ಬಾಯಿಪಾಠ ಮಾಡುವ ಮೊದಲು ಹೀಗೆ ಕಣ್ಣಿಗೆ ಕಾಣಬೇಕು. ಸಂಜೆ ಚೌಕಾಬಾರ ಆಡಿ. ನಾಲ್ಕು ಕವಡೆ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಕವುಚಿ ಬಿದ್ದರೆ ಎಂಟು. ಕಾಯಿಯನ್ನು ಮನೆ ಮನೆ ಮುಟ್ಟಿ ನಡೆಸುವ ಮೊದಲು ಎಲ್ಲಿ ನಿಲ್ಲುತ್ತದೆಂದು ಅವಳು ಹೇಳಲಿ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಮೂರು ವಾರ ಬೇಸಿಗೆ ಶಿಬಿರ ನಡೆಸಬೇಕೆಂದಿದ್ದೇವೆ. 3ರಿಂದ 5ನೇ ತರಗತಿಯ ಸುಮಾರು 30 ಮಕ್ಕಳು, ನಾವು ಇಬ್ಬರು.
– ಇಬ್ಬರು ಸ್ವಯಂಸೇವಕರು, ಮಂಡ್ಯ ಜಿಲ್ಲೆ

ತರಗತಿವಾರು ಕೂರಿಸಬೇಡಿ. ಮೊದಲ ದಿನ ಒಬ್ಬೊಬ್ಬರನ್ನೇ ಕರೆದು ತಿಪಟೂರಿನ ತಾಯಿಗೆ ಹೇಳಿದ ಓದಿನ ಪರಿಶೀಲನೆ ಮಾಡಿ. ಅಕ್ಷರ-ಪದದ ಮಟ್ಟದವರು ಒಂದು ಗುಂಪು, ವಾಕ್ಯ-ಕಥೆಯ ಮಟ್ಟದವರು ಇನ್ನೊಂದು. ಐದನೆಯವನು ಮೂರನೆಯವಳ ಪಕ್ಕ ಕೂತರೆ ನಾಚಿಕೆಯಾಗದಂತೆ ಗುಂಪಿಗೆ ನದಿಯ ಹೆಸರಿಡಿ, ‘ಹಿಂದುಳಿದವರು’ ಎಂಬ ಮಾತು ಕೇಳಿಸಬಾರದು. ಹೆಚ್ಚು ಪಳಗಿದವರು ಮೊದಲ ಗುಂಪು ಹಿಡಿಯಲಿ. ಸಾಮಾನ್ಯವಾಗಿ ಆಗುವುದು ಇದರ ತಿರುಗುಮುರುಗು.

ಬಿಸಿಲು ಏರುವ ಮೊದಲು, ಎಂಟರಿಂದ ಹತ್ತು. ಓದು-ಬರಹಕ್ಕೆ 50 ನಿಮಿಷ, ಲೆಕ್ಕಕ್ಕೆ 40, ಉಳಿದದ್ದು ಹಾಡು, ಆಟ. ಎರಡನೇ ವಾರ ಹಾಜರಾತಿ ಕುಸಿಯುತ್ತದೆ, ಜಾತ್ರೆ, ಮದುವೆ, ಅಜ್ಜಿ ಮನೆ. ಅದನ್ನು ತಡೆಯಲಾಗದು. ಹಾಗಾಗಿ ನಿನ್ನೆಯದನ್ನು ಮುಂದುವರಿಸುವ ಪಾಠ ಬೇಡ, ಆ ದಿನದ್ದು ಆ ದಿನಕ್ಕೇ ಮುಗಿಯಲಿ.

ಪುಸ್ತಕಕ್ಕೆ ಪರದಾಡಬೇಕಿಲ್ಲ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ, ಶಿಬಿರದ ಮೊದಲ ವಾರವೇ ಎಲ್ಲರನ್ನೂ ನೋಂದಾಯಿಸಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳೂ ಉಚಿತವಾಗಿ ಸಿಗುತ್ತವೆ. ಮೊದಲ ಹಂತದ್ದನ್ನು ಮುದ್ರಿಸಿ ಮಧ್ಯೆ ಹೊಲಿದರೆ ಪುಸ್ತಕವಾಯಿತು.

ಕೊನೆಯ ದಿನ ಅದೇ ಪರಿಶೀಲನೆ ಮಾಡಿ, ಆದರೆ ತುಣುಕು ಬೇರೆ ಇರಲಿ. ಮೊದಲ ದಿನದ್ದು ಅಷ್ಟರಲ್ಲಿ ಮಕ್ಕಳಿಗೆ ಬಾಯಿಗೆ ಬಂದಿರುತ್ತದೆ. ಎರಡೂ ದಿನದ ಮಟ್ಟವನ್ನು ಮಗುವಿನ ಹೆಸರಿನ ಮುಂದೆ ಬರೆದ ಪಟ್ಟಿಯ ಒಂದು ಪ್ರತಿಯನ್ನು ಶಾಲೆ ತೆರೆದ ವಾರವೇ ಮುಖ್ಯ ಶಿಕ್ಷಕರ ಕೈಗೆ ಕೊಡಿ. ಅದನ್ನು ಫಲಕಕ್ಕೆ ಅಂಟಿಸಬೇಡಿ.