ಮೂರು ವರ್ಷದಿಂದ ಒಂದೇ ಕುಂಡದಲ್ಲಿರುವ ಡೇರೆ (ಡೇಲಿಯಾ) ಗಡ್ಡೆಯನ್ನು ಬಿಡಿಸುವುದು ಹೇಗೆ? ಹೆಚ್ಚಾದದ್ದನ್ನು ಬೇರೆಯವರಿಗೆ ಕೊಡಬಹುದೇ?

ಅಮ್ಮನ ಮನೆಯಿಂದ ಬೆಂಗಳೂರಿಗೆ ತಂದ ಒಂದೇ ಒಂದು ಡೇರೆ ಗಡ್ಡೆ ಮೂರು ವರ್ಷದಲ್ಲಿ ಕುಂಡದ ತುಂಬ ಒತ್ತಿಕೊಂಡಿದೆ, ಅಂಗೈಯಗಲ ಬಿಡುತ್ತಿದ್ದ ಹೂವು ಈ ಸಲ ನಿಂಬೆಹಣ್ಣಿನಷ್ಟಕ್ಕೆ ಇಳಿದಿದೆ, ಕಿತ್ತರೆ ಎಲ್ಲಿ ಸತ್ತುಹೋಗುತ್ತದೋ ಎಂದು ಹೆದರಿಕೆ ಅಂತ ಬರೆದಿದ್ದೀರಿ. ಹೆದರಬೇಡಿ, ಕೀಳಿ. ಕೀಳದೆ ಬಿಟ್ಟರೇ ಅದು ಕೈತಪ್ಪುವುದು. ನಾನು ಸಾಗರ ತಾಲ್ಲೂಕಿನವಳು. ಮದುವೆಯಾಗಿ ಈ ಮನೆಗೆ ಬಂದ ವರ್ಷದಿಂದ 28 ಮಳೆಗಾಲ ಡೇರೆ ನೆಟ್ಟಿದ್ದೇನೆ.

ಒಂದು ಗಡ್ಡೆ ನೆಟ್ಟರೆ ಹೂವಿನ ಕಾಲ ಮುಗಿಯುವ ಹೊತ್ತಿಗೆ ಬುಡದಲ್ಲಿ ಐದಾರು ಗಡ್ಡೆ ಕಟ್ಟಿರುತ್ತವೆ. ಅದನ್ನೇ ಹಾಗೆಯೇ ಬಿಟ್ಟರೆ ಮರುವರ್ಷ ಏಳೆಂಟು ಕುಡಿ ಒಟ್ಟಿಗೆ ಮೇಲೆ ಬಂದು, ಇದ್ದ ಒಂದು ಬೊಗಸೆ ಸತ್ವವನ್ನು ಎಲ್ಲವೂ ಹಂಚಿಕೊಳ್ಳುತ್ತವೆ. ದಂಟು ಸಪೂರ, ಹೂವು ಸಣ್ಣ. ಕುಂಡದ ಮಣ್ಣೂ ಮೂರು ವರ್ಷದಲ್ಲಿ ಸೋತಿರುತ್ತದೆ. ನಿಮ್ಮ ಆರೈಕೆಯಲ್ಲಿ ತಪ್ಪೇನೂ ಇಲ್ಲ.

ಗಿಡ ಹಸಿರಾಗಿರುವಾಗ ಮುಟ್ಟಬೇಡಿ. ಎಲೆ ಹಳದಿಯಾಗಿ ದಂಟು ಒಣಗುತ್ತ ಬಂದ ಮೇಲೆ ನೀರು ನಿಲ್ಲಿಸಿ. ನಮ್ಮಲ್ಲಿ ಅದು ದೀಪಾವಳಿ ಕಳೆದ ಮೇಲಿನ ಕೆಲಸ. ದಂಟನ್ನು ನಾಲ್ಕು ಬೆರಳು ಉಳಿಸಿ ಕತ್ತರಿಸಿ, ಒಂದು ವಾರ ಬಿಟ್ಟು ಕುಂಡವನ್ನೇ ಮಗುಚಿ ಹಾಕಿ. ದಂಟು ಹಿಡಿದು ಎಳೆಯಲೇಬಾರದು. ಗಡ್ಡೆಯ ಕುತ್ತಿಗೆ ಬಹಳ ಮೆತ್ತಗೆ, ಒಮ್ಮೆ ಮುರಿಯಿತೆಂದರೆ ಆ ಗಡ್ಡೆ ಮುಗಿಯಿತು. ಮಣ್ಣು ಉದುರಿಸಿ ತಲೆಕೆಳಗಾಗಿ ನೆರಳಲ್ಲಿಡಿ. ಡೇರೆಯ ದಂಟು ಕೊಳವೆಯ ಹಾಗೆ ಟೊಳ್ಳು, ಅದರೊಳಗೆ ನೀರು ನಿಂತರೆ ಕೊಳೆ ನೇರ ಬುಡಕ್ಕೇ ಇಳಿಯುತ್ತದೆ.

ಇನ್ನು ಬಿಡಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಹಾಗಲ್ಲ. ಗಡ್ಡೆಯೂ ಹಳೆಯ ದಂಟೂ ಕೂಡುವ ಕುತ್ತಿಗೆಯ ಜಾಗದಲ್ಲಿ ಮಾತ್ರ ಕಣ್ಣಿರುತ್ತದೆ. ಗಡ್ಡೆ ಎಷ್ಟೇ ದಪ್ಪಗಿರಲಿ, ಆ ಭಾಗದ ಒಂದು ಚೂರಾದರೂ ಅದಕ್ಕೆ ಅಂಟಿಕೊಂಡಿರದಿದ್ದರೆ ಮಣ್ಣಲ್ಲಿ ತಿಂಗಳುಗಟ್ಟಲೆ ಕುಳಿತೀತೇ ಹೊರತು ಮೊಳೆಯುವುದಿಲ್ಲ. ಕಿರುಬೆರಳಿನಷ್ಟು ಸಣ್ಣ ಗಡ್ಡೆಗೂ ಒಂದು ಕಣ್ಣಿದ್ದರೆ ಸಾಕು, ಆಳೆತ್ತರದ ಗಿಡವಾಗುತ್ತದೆ. ಕಿತ್ತ ಕೂಡಲೇ ಕಣ್ಣು ಕಾಣುವುದು ಕಷ್ಟ. ಆದ್ದರಿಂದ ನಾನು ಬುಡವನ್ನು ಇಡಿಯಾಗಿಯೇ ಎತ್ತಿಟ್ಟು, ಏಪ್ರಿಲ್ ಕೊನೆಯಲ್ಲಿ ಕೆಂಪಗೆ ಸಾಸಿವೆ ಕಾಳಿನಷ್ಟು ಉಬ್ಬು ಎದ್ದ ಮೇಲೆ ಬಿಡಿಸುತ್ತೇನೆ. ಹೊಸಬರಿಗೆ ಇದೇ ಕ್ಷೇಮ.

ಅಲ್ಲಿಯವರೆಗೆ ಸುಮ್ಮನೆ ಇಟ್ಟರೆ ಬೆಂಗಳೂರಿನ ಒಣ ಹವೆಯಲ್ಲಿ ಗಡ್ಡೆ ಬಾಡಿ ಸುಕ್ಕಾಗುತ್ತದೆ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತೆಂಗಿನ ನಾರಿನ ಪುಡಿಯನ್ನೋ ಮರಳನ್ನೋ ಹಾಕಿ, ಮುಟ್ಟಿದರೆ ತಂಪೆನಿಸಬೇಕು, ಹಿಂಡಿದರೆ ನೀರು ಬರಬಾರದು, ಅಷ್ಟೇ ಪಸೆಯಲ್ಲಿ ಹುಗಿದಿಡಿ. ತಿಂಗಳಿಗೊಮ್ಮೆ ತೆಗೆದು ನೋಡಿ ಮೆತ್ತಗಾದದ್ದನ್ನು ಎಸೆಯಿರಿ. ನಮ್ಮಲ್ಲಿ ಕೊಟ್ಟಿಗೆಯ ಅಟ್ಟದ ಮೇಲೆ ಇಡುತ್ತೇವೆ, ಇಲಿಗೆ ಸಿಗದಂತೆ ಮೇಲೊಂದು ಹಳೆಯ ಬುಟ್ಟಿ ಕವುಚಿ.

ಕಣ್ಣು ಕಂಡ ಮೇಲೆ ಹರಿತವಾದ ಚಾಕುವಿನಿಂದ ಒಂದೊಂದು ಗಡ್ಡೆಗೆ ಒಂದೊಂದು ಕಣ್ಣು ಬರುವಂತೆ ಸೀಳಿ. ಒಂದು ಬುಡ ಮುಗಿದು ಇನ್ನೊಂದಕ್ಕೆ ಹೋಗುವ ಮೊದಲು ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕೊಯ್ದ ಜಾಗಕ್ಕೆ ನಾವು ಒಲೆಯ ಬೂದಿ, ಅರಿಶಿನ ಹಚ್ಚುತ್ತೇವೆ. ಎರಡು ದಿನ ನೆರಳಲ್ಲಿಟ್ಟು ಗಾಯ ಒಣಗಿಸಿ ನೆಡಿ. ಮೊಳಕೆ ಮಣ್ಣಿನಿಂದ ಮೇಲೆ ಬರುವವರೆಗೆ ನೀರು ಹೆಚ್ಚು ಹಾಕಬೇಡಿ, ಬೇರಿಲ್ಲದ ಗಡ್ಡೆ ಕುಡಿಯುವುದಿಲ್ಲ, ಕೊಳೆಯುತ್ತದೆ. ಗಿಡಕ್ಕೆ ಒಂದೋ ಎರಡೋ ಕುಡಿ ಮಾತ್ರ ಬಿಡಿ. ಚಿವುಟಿದ ಉಳಿದ ಕುಡಿಗಳನ್ನೂ ಎಸೆಯಬೇಡಿ. ಮೂರು ನಾಲ್ಕು ಇಂಚಿನದನ್ನು ಒದ್ದೆ ಮರಳಲ್ಲಿ ಊರಿ ನೆರಳಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಬೇರು ಬರುತ್ತದೆ, ಅದೇ ವರ್ಷ ಹೂವೂ ಬಿಡುತ್ತದೆ. ಹೀಗೆ ನಿಮ್ಮ ಒಂದು ಕುಂಡದಿಂದ ಹತ್ತಿಪ್ಪತ್ತು ಗಿಡ ಸುಲಭ.

ಈಗ ಕೊಡುವ ಮಾತು. ಕೊಡಬಹುದೇ ಎಂದು ಕೇಳಿದ್ದೀರಿ. ಕೊಡಲೇಬೇಕು ಅನ್ನುತ್ತೇನೆ ನಾನು. ಡೇರೆಯ ಬೀಜ ಹಾಕಿದರೆ ತಾಯಿಗಿಡದ ಹೂವೇ ಬರುವುದಿಲ್ಲ. ಗುಣಗಳನ್ನು ಹೊತ್ತು ತರುವ ವರ್ಣತಂತುಗಳ (ಕ್ರೋಮೋಸೋಮ್) ಕಟ್ಟು ಮನುಷ್ಯರಲ್ಲಿ ಎರಡು, ತೋಟದ ಡೇರೆಯಲ್ಲಿ ಎಂಟು; ಬೀಜದಲ್ಲಿ ಏನು ಕಲೆತು ಏನಾಗುತ್ತದೆಂದು ಹೇಳಲಾಗದು. ಮೆಕ್ಸಿಕೋದ ಗುಡ್ಡಗಳಿಂದ ಹೊರಟ ಈ ಗಿಡ (ಅಲ್ಲಿ 1963ರಿಂದ ಅದು ರಾಷ್ಟ್ರೀಯ ಹೂವು) ಇಷ್ಟು ಬಗೆಯಾದದ್ದೂ ಅದರಿಂದಲೇ. ಅಂದರೆ ನಿಮ್ಮ ಅಮ್ಮನ ಮನೆಯ ಆ ಹೂವು ಉಳಿಯಬೇಕಾದರೆ ಗಡ್ಡೆಯಿಂದಲೋ ಕುಡಿಯಿಂದಲೋ ಮಾತ್ರ. ಒಂದೇ ಮನೆಯಲ್ಲಿ ಒಂದೇ ಗಡ್ಡೆ ಇದ್ದರೆ ಒಂದು ಇಲಿ ಸಾಕು, ಒಂದು ಜೋರು ಮಳೆ ಸಾಕು.

ನಮಗೆ ಆ ಮಳೆ 2019ರ ಆಗಸ್ಟಿನಲ್ಲಿ ಬಂತು. ಅಂಗಳದಲ್ಲಿ ಕೊಟ್ಟೆಗಳಲ್ಲಿದ್ದ (ಮಣ್ಣು ತುಂಬಿದ ಚೀಲಗಳಲ್ಲಿದ್ದ) ಗಿಡಗಳಲ್ಲಿ ಅರ್ಧಕ್ಕರ್ಧ ಕೊಳೆತವು. ಅದರಲ್ಲಿ ಅತ್ತೆಯವರು ತೀರ್ಥಹಳ್ಳಿ ಕಡೆಯ ತಮ್ಮ ತವರಿಂದ ತಂದಿದ್ದ ಕಪ್ಪೆನ್ನುವಷ್ಟು ಗಾಢವಾದ ಕೆಂಪೂ ಒಂದು. ಅತ್ತೆ ಹೋಗಿ ಆಗ ನಾಲ್ಕು ವರ್ಷವಾಗಿತ್ತು. ನಾನು ಆ ಖಾಲಿ ಕೊಟ್ಟೆಯ ಮಣ್ಣನ್ನು ಬೆರಳಲ್ಲಿ ಜಾಲಾಡಿ ಜಾಲಾಡಿ ನೋಡಿದ್ದು ನೆನಪಿದೆ. ಹಿಂದಿನ ವರ್ಷ ಮಗಳ ಶಾಲೆಯ ಟೀಚರ್ ಒಬ್ಬರಿಗೆ ಅದರ ಎರಡು ಗಡ್ಡೆ ಕೊಟ್ಟಿದ್ದೆ. ಮರುವರ್ಷ ಮೇ ತಿಂಗಳಲ್ಲಿ ಅವರು ಹಾಲಿನ ವ್ಯಾನಿನಲ್ಲಿ ಒಂದು ಪೊಟ್ಟಣ ಕಳಿಸಿದರು. ಮೇಲೆ “ನಿಮ್ಮ ಅತ್ತೆಯ ಕೆಂಪು” ಎಂದು ಬರೆದಿತ್ತು. ನಮ್ಮಲ್ಲಿ ಡೇರೆಗೆ ಹೆಸರೇ ಹಾಗೆ: ಕೊಟ್ಟವರ ಹೆಸರು, ಬಣ್ಣ. ಅಂಗಡಿಯ ಹೆಸರು ಯಾರಿಗೂ ಗೊತ್ತಿಲ್ಲ.

ಹಾಗಾಗಿ ಕೊಡುವಾಗ ಗಡ್ಡೆಯ ಮೇಲೆಯೇ ಮಾರ್ಕರ್ ಪೆನ್ನಿನಲ್ಲಿ ಬಣ್ಣ ಬರೆಯಿರಿ, ಚೀಟಿಯಲ್ಲಿ ಎಲ್ಲಿಂದ ಬಂದದ್ದೆಂದು ಬರೆಯಿರಿ. ಗಟ್ಟಿಯಾದ, ಕಣ್ಣು ಖಚಿತವಾಗಿ ಕಂಡ ಗಡ್ಡೆಯನ್ನೇ ಕೊಡಿ. ಎಲೆಯ ನರಗಳ ಗುಂಟ ಹಳದಿ ಪಟ್ಟೆ ಬಂದು ಕುಳ್ಳಗೆ ಉಳಿದಿದ್ದ ಗಿಡದ ಗಡ್ಡೆಯನ್ನು ಯಾರಿಗೂ ಕೊಡಬೇಡಿ. ಅದು ವೈರಸ್, ಗಡ್ಡೆಯ ಜೊತೆಗೇ ಹೋಗುತ್ತದೆ. ಬುಡದಲ್ಲಿ ಹೂಕೋಸಿನ ಹಾಗೆ ಕುಡಿಗಳು ಗುಂಪುಗಟ್ಟಿದ್ದರೆ ಅದೂ ರೋಗವೇ. ಅಂಥದ್ದನ್ನು ಸುಟ್ಟುಬಿಡಿ, ಗೊಬ್ಬರಗುಂಡಿಗೂ ಹಾಕಬೇಡಿ. ಅಂಚೆಯಲ್ಲಿ ಕಳಿಸುವುದಾದರೆ ಪ್ಲಾಸ್ಟಿಕ್ ಬೇಡ, ಬೆವತು ಕೊಳೆಯುತ್ತದೆ. ನ್ಯೂಸ್ ಪೇಪರಿನಲ್ಲಿ ಸುತ್ತಿ, ಮರದ ಹೊಟ್ಟಿನ ಜೊತೆ ರಟ್ಟಿನ ಡಬ್ಬದಲ್ಲಿಟ್ಟರೆ ನಾಲ್ಕೈದು ದಿನದ ಪ್ರಯಾಣಕ್ಕೆ ಏನೂ ಆಗದು.

ಕದ್ದು ತಂದ ಗಿಡವೇ ಚೆನ್ನಾಗಿ ಬದುಕುತ್ತದೆ ಎಂಬ ಮಾತನ್ನು ಕೇಳಿರುತ್ತೀರಿ. ನಾನದನ್ನು ಒಪ್ಪುವುದಿಲ್ಲ. ಕೇಳಿ ತಂದದ್ದಕ್ಕೆ ಕೊಟ್ಟವರ ಹೆಸರಿರುತ್ತದೆ, ಹೋದರೆ ಮತ್ತೆ ಕೇಳಲು ಒಂದು ಮನೆ ಇರುತ್ತದೆ. ನಿಮ್ಮ ಬಡಾವಣೆಯಲ್ಲಿ ಯಾರೂ ಪರಿಚಯವಿಲ್ಲದಿದ್ದರೆ ಮೇ ಹೊತ್ತಿಗೆ ಶಿರಸಿ ಕಡೆ ವಿಚಾರಿಸಿ. ಅಲ್ಲಿಯ ‘ವನಸ್ತ್ರೀ’ ಎಂಬ ಬೀಜ ಉಳಿಸುವ ಸಂಘದ ಮಹಿಳೆಯರು ಮಳೆಗಾಲದ ಹೊತ್ತಿಗೆ ಮಲೆನಾಡ ಮೇಳ ನಡೆಸುತ್ತ ಬಂದಿದ್ದಾರೆ; ಬೀಜ, ಗಡ್ಡೆ, ಗಿಡ ಕೈಬದಲಾಗುವ ಜಾಗ ಅದು.

ನಿಮ್ಮ ಡೇರೆಯ ಬಣ್ಣ ಯಾವುದೆಂದು ಬರೆದಿಲ್ಲ. ಬಿಳಿಯದಾಗಿದ್ದರೆ ನನಗೊಂದು ಗಡ್ಡೆ ಎತ್ತಿಡಿ. ಬದಲಿಗೆ ಅತ್ತೆಯ ಕೆಂಪನ್ನು ಕಳಿಸುತ್ತೇನೆ.