ಓದುಗರ ಪ್ರಶ್ನೆಗಳಿಗೆ ಉತ್ತರ: ಹಣ್ಣಿನ ವೈನನ್ನು ಬಟ್ಟಿ ಇಳಿಸುವ ಮುನ್ನ

ಪ್ರಶ್ನೆ: ನಾನು ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ನೆಲೆಸಿದ್ದೇನೆ. ಹಿತ್ತಲಿನ ಮರದ ಪ್ಲಮ್ ಹಣ್ಣಿನಿಂದ ಕಳೆದ ಬೇಸಿಗೆಯಲ್ಲಿ ಇಪ್ಪತ್ತು ಲೀಟರ್ ವೈನ್ ಮಾಡಿದ್ದೆ. ಅದೀಗ ಸ್ವಲ್ಪ ಹುಳಿಯಾಗಿದೆ, ಉಗುರುಬಣ್ಣ ಒರೆಸುವ ದ್ರವದಂತಹ ವಾಸನೆಯೂ ಬರುತ್ತಿದೆ. ಬಟ್ಟಿ ಇಳಿಸಿದರೆ ಎಲ್ಲ ದೋಷವೂ ಹೋಗುತ್ತದೆ ಎಂದು ಸ್ನೇಹಿತರು ಹೇಳಿದ್ದರಿಂದ ತಾಮ್ರದ ಒಂದು ಸಣ್ಣ ಪಾತ್ರೆಯನ್ನು ಕೊಂಡಿದ್ದೇನೆ. ಇದು ಇಲ್ಲಿ ಕಾನೂನುಬದ್ಧವೇ? ವೈನ್ ಸರಿಹೋಗುತ್ತದೆಯೇ?

ಉತ್ತರ: ಕಾನೂನಿನ ಮಟ್ಟಿಗೆ ನಿಮಗೆ ಆತಂಕ ಬೇಡ. ಸ್ವಂತ ಬಳಕೆಗಾಗಿ ಮನೆಯಲ್ಲಿ ಮದ್ಯವನ್ನು ಬಟ್ಟಿ ಇಳಿಸಲು ನ್ಯೂಜಿಲೆಂಡ್ 1996ರಲ್ಲೇ ಅವಕಾಶ ನೀಡಿತು. ಆದರೆ ಪರವಾನಗಿ ಇಲ್ಲದೆ ಒಂದು ಬಾಟಲಿಯನ್ನೂ ಮಾರುವಂತಿಲ್ಲ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಬೇಸರ ತರಬಹುದು. ಈ ವೈನನ್ನು ಬಟ್ಟಿ ಇಳಿಸಬೇಡಿ. ಬಟ್ಟಿ ಇಳಿಸುವುದರಿಂದ ವೈನ್ ಶುದ್ಧವಾಗುತ್ತದೆ ಎಂಬ ನಂಬಿಕೆ ಎಷ್ಟು ವ್ಯಾಪಕವೋ ಅಷ್ಟೇ ತಪ್ಪು. ಹಬೆಯಾಗಬಲ್ಲದ್ದೆಲ್ಲವೂ, ಪರಿಮಳವಿರಲಿ ದುರ್ವಾಸನೆಯಿರಲಿ, ಮೇಲೇರಿ ಇನ್ನಷ್ಟು ಗಾಢವಾಗಿ ಕೆಳಗಿಳಿಯುತ್ತದೆ. ಗಾಳಿ ಸೋಕಿದ ವೈನಿನಲ್ಲಿ ಬ್ಯಾಕ್ಟೀರಿಯಾಗಳು ಆಲ್ಕೊಹಾಲನ್ನು ಅಸಿಟಿಕ್ ಆಮ್ಲವಾಗಿಸುತ್ತವೆ, ಜೊತೆಯಲ್ಲೇ ಈಥೈಲ್ ಅಸಿಟೇಟ್ ಎಂಬ ವಸ್ತುವೂ ಹುಟ್ಟುತ್ತದೆ. ನಿಮ್ಮ ಮೂಗಿಗೆ ಬಡಿಯುತ್ತಿರುವುದು ಅದೇ. ಅದು ಕುದಿಯುವುದು ಸುಮಾರು 77 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಥನಾಲ್, ಅಂದರೆ ಕುಡಿಯುವ ಮದ್ಯದ ಆಲ್ಕೊಹಾಲ್, ಕುದಿಯುವುದು 78.4ರಲ್ಲಿ. ಇಷ್ಟು ಹತ್ತಿರವಿರುವ ಎರಡನ್ನು ಮನೆಯ ಸಾದಾ ಪಾತ್ರೆ ಚೊಕ್ಕವಾಗಿ ಬೇರ್ಪಡಿಸಲಾರದು. ಈಥೈಲ್ ಅಸಿಟೇಟಿನ ಬಹುಪಾಲು ಮೊದಲ ಇಳಿತದಲ್ಲೇ, ಅಂದರೆ ಮೊದಲು ತೊಟ್ಟಿಕ್ಕುವ ಭಾಗದಲ್ಲೇ, ಬಂದರೂ ಉಳಿದದ್ದು ನಡುವಿನ ಒಳ್ಳೆಯ ಭಾಗಕ್ಕೂ ಅಂಟಿಕೊಂಡೇ ಬರುತ್ತದೆ. ಆ ಇಪ್ಪತ್ತು ಲೀಟರನ್ನು ಪೂರ್ತಿಯಾಗಿ ವಿನಿಗರ್ ಆಗಲು ಬಿಡುವುದೇ ಮೇಲು. ಪ್ಲಮ್ ವಿನಿಗರ್ ಬಹಳ ಒಳ್ಳೆಯ ಪದಾರ್ಥ.

ಮುಂದಿನ ಬೇಸಿಗೆಗೆ ಬಟ್ಟಿಗೆಂದೇ ಬೇರೆ ವೈನ್ ಹಾಕಿರಿ. ಕುಡಿಯುವ ವೈನಿಗೂ ಬಟ್ಟಿಯ ವೈನಿಗೂ ಇರುವ ಮುಖ್ಯ ವ್ಯತ್ಯಾಸ ಗಂಧಕದ್ದು. ಕುಡಿಯುವ ವೈನ್ ಕೆಡದಿರಲೆಂದು ನಾವು ಹಾಕುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಬಟ್ಟಿಯಲ್ಲಿ ಗಂಧಕದ ಡೈಆಕ್ಸೈಡ್ ಆಗಿ ಹಬೆಯೊಡನೆ ಏರಿ, ಸುಟ್ಟ ಬೆಂಕಿಕಡ್ಡಿಯಂತಹ ಘಾಟನ್ನು ತರುತ್ತದೆ. ಬ್ರಾಂಡಿಗೆ ಹೆಸರಾದ ಫ್ರಾನ್ಸಿನ ಕೊನ್ಯಾಕ್ ಪ್ರದೇಶದವರು ಗಂಧಕ ಹಾಕದ, ಹುಳಿ ಹೆಚ್ಚಿರುವ, ಶೇಕಡಾ 9ರ ಆಸುಪಾಸಿನ ಆಲ್ಕೊಹಾಲ್ ಇರುವ ತೆಳು ವೈನನ್ನು ಬಟ್ಟಿಗೆ ಬಳಸುತ್ತಾರೆ. ಕಾಪಾಡುವ ಗಂಧಕವಿಲ್ಲದ ಕಾರಣ ಅದನ್ನು ಬಹುಕಾಲ ಇಡುವಂತಿಲ್ಲ, ಕೊಯ್ಲಿನ ನಂತರದ ಮಾರ್ಚ್ 31ರೊಳಗೆ ಬಟ್ಟಿ ಮುಗಿಯಲೇಬೇಕೆಂಬ ನಿಯಮವೂ ಅಲ್ಲಿದೆ. ನೀವೂ ಹುದುಗು ನಿಂತ ಕೆಲವೇ ವಾರಗಳಲ್ಲಿ ಬಟ್ಟಿ ಇಳಿಸಿರಿ.

ಪ್ಲಮ್‌ನ ಬೀಜವನ್ನು ಒಡೆಯದಂತೆ ನೋಡಿಕೊಳ್ಳಿ, ಆದಷ್ಟನ್ನು ಮೊದಲೇ ತೆಗೆದುಬಿಡಿ. ಅದರೊಳಗಿನ ಅಮಿಗ್ಡಾಲಿನ್ ಎಂಬ ವಸ್ತು ಸಯನೈಡ್ ವಿಷವನ್ನು ಬಿಡುತ್ತದೆ. ರಸ ತಿಳಿಯಾಗಲೆಂದು ಹಾಕುವ ಪೆಕ್ಟಿನ್ ಕಿಣ್ವವನ್ನೂ ಬಟ್ಟಿಯ ವೈನಿಗೆ ಹಾಕಬೇಡಿ, ಏಕೆಂದರೆ ಹಣ್ಣಿನಲ್ಲಿ ಮೆಥನಾಲ್ ಎಂಬ ವಿಷಕಾರಿ ಆಲ್ಕೊಹಾಲ್ ಹುಟ್ಟುವುದೇ ಹಣ್ಣಿನ ಅಂಟು ಪದಾರ್ಥವಾದ ಪೆಕ್ಟಿನ್ ಒಡೆದಾಗ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಶೇಕಡಾ 10ರ ಇಪ್ಪತ್ತು ಲೀಟರ್ ವೈನಿನಲ್ಲಿರುವುದು ಎರಡು ಲೀಟರ್ ಆಲ್ಕೊಹಾಲ್. ಒಂದು ಹನಿಯೂ ಪೋಲಾಗದಿದ್ದರೆ ಶೇಕಡಾ 40ರ ಮದ್ಯ ಐದು ಲೀಟರ್ ಆಗಬೇಕು. ಮೊದಲ ಮತ್ತು ಕೊನೆಯ ಇಳಿತಗಳನ್ನು ಕೈಬಿಟ್ಟು ಎರಡು ಬಾರಿ ಬಟ್ಟಿ ಇಳಿಸುವವರಿಗೆ ಮೂರು ಲೀಟರ್ ಸಿಕ್ಕರೆ ತೃಪ್ತಿಪಡಬಹುದು. ಎರಡನೆಯ ಬಾರಿ ಇಳಿಸುವಾಗ ನೂರು ನೂರು ಮಿಲಿಲೀಟರಿನಂತೆ ಸಣ್ಣ ಗಾಜಿನ ಸೀಸೆಗಳಲ್ಲಿ ಕ್ರಮಸಂಖ್ಯೆ ಬರೆದು ಹಿಡಿಯಿರಿ, ಬಾಯಿಗೆ ಬಟ್ಟೆ ಕಟ್ಟಿ ಒಂದು ರಾತ್ರಿ ಇಡಿ, ಮರುದಿನ ಒಂದೊಂದರಿಂದ ಕೆಲವು ಹನಿ ತೆಗೆದು ನೀರು ಬೆರೆಸಿ ಮೂಸಿ ನೋಡಿ. ಅಂಟಿನ ವಾಸನೆಯ ಮೊದಲ ಸೀಸೆಗಳನ್ನೂ, ಒದ್ದೆ ರಟ್ಟಿನ ವಾಸನೆಯ ಕೊನೆಯವನ್ನೂ ಬೇರೆ ಇಡಿ. ಎಲ್ಲಿ ಕತ್ತರಿಸಬೇಕೆಂಬುದನ್ನು ನಿಮ್ಮ ಮೂಗು ನಾಲ್ಕಾರು ಸಲದ ಅಭ್ಯಾಸದಿಂದ ಕಲಿಯುತ್ತದೆ. ಉಷ್ಣತಾಮಾಪಕವೊಂದನ್ನೇ ನಂಬಿದವರಿಗೆ ಅದು ದಕ್ಕುವುದಿಲ್ಲ.

ಒಲೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಬೆಂಕಿಯ ಉರಿಯ ಮೇಲೆ ಎಂದೂ ಇಡಬಾರದು, ವಿದ್ಯುತ್ ಒಲೆಯೇ ಆಗಬೇಕು. ಗಾಳಿಯಾಡುವ ಜಾಗ ಬೇಕು, ಕೊಳವೆಯ ಬಾಯಿ ಯಾವ ಕಾರಣಕ್ಕೂ ಮುಚ್ಚಿರಬಾರದು, ಪಾತ್ರೆ ಬಿಸಿಯಿರುವಷ್ಟು ಹೊತ್ತು ನೀವು ಅಲ್ಲಿಂದ ಕದಲಬಾರದು. ಸೀಸದ ಬೆಸುಗೆಯಿರುವ ಯಾವ ಭಾಗವನ್ನೂ ಬಳಸಬೇಡಿ.

ಪ್ರಶ್ನೆ: ಮೊದಲು ಇಳಿದ ಸ್ವಲ್ಪವನ್ನು ಚೆಲ್ಲಿದರೆ ಮೆಥನಾಲ್ ವಿಷ ಪೂರ್ತಿ ಹೋಗುತ್ತದೆ ಎಂದೂ, ಚಮಚದಲ್ಲಿ ಹೊತ್ತಿಸಿದಾಗ ನೀಲಿ ಜ್ವಾಲೆ ಬಂದರೆ ಮದ್ಯ ಸುರಕ್ಷಿತವೆಂದೂ ಕೇಳಿದ್ದೇನೆ. ಇದು ನಿಜವೇ?

ಉತ್ತರ: ಎರಡೂ ನಿಜವಲ್ಲ. ಮೆಥನಾಲ್ ಒಂಟಿಯಾಗಿದ್ದರೆ 64.7 ಡಿಗ್ರಿಯಲ್ಲಿ ಕುದಿಯುತ್ತದೆ. ಆದರೆ ನೀರು, ಎಥನಾಲ್‌ಗಳೊಡನೆ ಬೆರೆತಾಗ ಅದು ಮೊದಲಿನಿಂದ ಕೊನೆಯವರೆಗೆ ಎಲ್ಲ ಇಳಿತಗಳಲ್ಲೂ ಇರುತ್ತದೆ. ಮೊದಲ ಭಾಗವನ್ನು ಚೆಲ್ಲುವುದು ರುಚಿಗೂ ಆರೋಗ್ಯಕ್ಕೂ ಒಳ್ಳೆಯದೇ, ಮೆಥನಾಲಿಗೆ ಮಾತ್ರ ಅದು ಪರಿಹಾರವಲ್ಲ. ಜ್ವಾಲೆಯ ಬಣ್ಣವಂತೂ ಬೆರಕೆಯಲ್ಲಿ ಏನನ್ನೂ ತಿಳಿಸದು. ಎಥನಾಲ್ ಕೂಡ ನೀಲಿಯಾಗಿಯೇ ಉರಿಯುತ್ತದೆ.

ಹಣ್ಣಿನ ಹುದುಗಿನಿಂದ ಸಹಜವಾಗಿ ಬರುವ ಮೆಥನಾಲ್ ಅಲ್ಪ. ಯುರೋಪಿನ ಒಕ್ಕೂಟವು ಪ್ಲಮ್ ಮದ್ಯಕ್ಕೆ ನೂರು ಲೀಟರ್ ಶುದ್ಧ ಆಲ್ಕೊಹಾಲಿಗೆ 1,200 ಗ್ರಾಂ ಎಂಬ ಮಿತಿಯನ್ನಿಟ್ಟು ಮಾರಾಟಕ್ಕೆ ಬಿಡುತ್ತದೆ. ಕಳ್ಳಭಟ್ಟಿ ದುರಂತಗಳಲ್ಲಿ ಸಾಮೂಹಿಕ ಸಾವು ಸಂಭವಿಸುವುದು ಸಾಮಾನ್ಯವಾಗಿ ಕೈಗಾರಿಕೆಗೆಂದು ತಯಾರಾದ ಮೆಥನಾಲನ್ನು ಬೆರೆಸಿದಾಗ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರು, ಅವರಲ್ಲಿ ಬಹುಪಾಲು ಬಡವರು, ಕಳ್ಳಭಟ್ಟಿಗೆ ಬಲಿಯಾದುದನ್ನು ನಮ್ಮ ರಾಜ್ಯ ಮರೆಯಬಾರದು. ಮದ್ಯ ಸೇವಿಸಿದ ಮೇಲೆ ದೃಷ್ಟಿ ಮಂಜಾದರೆ, ಹೊಟ್ಟೆನೋವು, ಏದುಸಿರು ಕಾಣಿಸಿಕೊಂಡರೆ ಗಂಟೆಗಳನ್ನು ಎಣಿಸದೆ ಆಸ್ಪತ್ರೆಗೆ ಒಯ್ಯಬೇಕು. ಇದಕ್ಕೆ ಔಷಧವಿದೆ, ತಡವಾದರೆ ಕಣ್ಣು ಉಳಿಯುವುದಿಲ್ಲ.

ಪ್ರಶ್ನೆ: ನಮ್ಮದು ಕೊಡಗು. ಮನೆಯಲ್ಲಿ ಹಣ್ಣಿನ ವೈನ್ ಮಾಡುವ ರೂಢಿ ನಮ್ಮಲ್ಲಿದೆ. ಗೋವಾದವರು ಗೇರುಹಣ್ಣಿನಿಂದ ಫೆನಿ ಇಳಿಸುವಂತೆ ನಾವೂ ಸ್ವಲ್ಪ ಇಳಿಸಿಕೊಳ್ಳಬಹುದೇ?

ಉತ್ತರ: ಇಳಿಸಿಕೊಳ್ಳುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಬಟ್ಟಿಯ ಸಲಕರಣೆಯನ್ನು ಅದಕ್ಕಾಗಿ ಇಟ್ಟುಕೊಳ್ಳುವುದೂ ಅಪರಾಧ, ಪ್ರಮಾಣ ಎಷ್ಟೇ ಸಣ್ಣದಾದರೂ. ಗೋವಾದ ಬಟ್ಟಿಗಳು ಕೂಡ ಅಲ್ಲಿನ ಅಬಕಾರಿ ಪರವಾನಗಿಯಡಿ ನಡೆಯುವಂಥವು. 2009ರಲ್ಲಿ ಗೇರು ಫೆನಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಮೊದಲ ಬಟ್ಟಿಯಲ್ಲಿ ಇಳಿಯುವ ಹಗುರವಾದ ಉರಾಕ್ ಬೇಸಿಗೆಯ ಕೆಲವೇ ವಾರ ಸಿಗುತ್ತದೆ, ಮತ್ತೆ ಇಳಿಸಿದಾಗ ಫೆನಿಯಾಗುತ್ತದೆ. ಕುತೂಹಲವಿದ್ದರೆ ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಅಲ್ಲಿಗೇ ಹೋಗಿ ನೋಡಿಬನ್ನಿ.

ನಿಮಗೆ ಬೇಕಿರುವುದು ಹಣ್ಣಿನ ಪರಿಮಳದ ಮದ್ಯವಾದರೆ ಬಟ್ಟಿಯ ಅಗತ್ಯವೇ ಇಲ್ಲ. ಅಧಿಕೃತ ಅಂಗಡಿಯಿಂದ ತಂದ ವೋಡ್ಕಾದಲ್ಲಿ ಕೊಡಗಿನ ಕಿತ್ತಳೆಯ ಸಿಪ್ಪೆಯನ್ನು ನೆನೆಹಾಕಿರಿ. ಒಳಗಿನ ಬಿಳಿ ಪದರವನ್ನು ಚೂರಿಯಿಂದ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಕಹಿಯಾಗುತ್ತದೆ. ಮುಕ್ಕಾಲು ಲೀಟರಿಗೆ ನಾಲ್ಕು ಹಣ್ಣಿನ ಸಿಪ್ಪೆ, ಒಂದೆರಡು ಏಲಕ್ಕಿ ಸಾಕು. ಏಲಕ್ಕಿಯನ್ನು ಎರಡು ದಿನಕ್ಕೆ ತೆಗೆದುಬಿಡಿ, ಹೆಚ್ಚು ಹೊತ್ತು ಬಿಟ್ಟರೆ ಅದು ಕಿತ್ತಳೆಯನ್ನು ನುಂಗಿಬಿಡುತ್ತದೆ. ಸಿಪ್ಪೆಯನ್ನು ಹತ್ತು ದಿನಕ್ಕೆ ಸೋಸಿ, ಸಕ್ಕರೆ ಪಾಕವನ್ನು ಪೂರ್ತಿ ಆರಿಸಿ ರುಚಿಗೆ ತಕ್ಕಷ್ಟು ಬೆರೆಸಿ, ಕತ್ತಲಲ್ಲಿ ಒಂದು ತಿಂಗಳು ಇಡಿ. ಪಾಕ ಬೆರೆಸಿದಾಗ ಮಸುಕಾದರೆ ಗಾಬರಿಯಾಗಬೇಡಿ, ಅದು ಸಿಪ್ಪೆಯ ಎಣ್ಣೆ.